ಪಾದಕ್ಕೆ ತಿಳಿದದ್ದು ಸುಳ್ಳಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ದಿನವೂ ಬೆಳಿಗ್ಗೆ ನಮ್ಮ ಹೊಳೆಯ ಸೇತುವೆ ದಾಟಿ ನಡೆಯುತ್ತೇನೆ. ಕೆಂಪುಕಲ್ಲಿನ ಲಾರಿ ಬಂದರೆ ಕಾಲಡಿಯಲ್ಲಿ ನಡುಕ. ಈ ವರ್ಷ ಅದು ಹೆಚ್ಚಾಗಿದೆ ಎನಿಸುತ್ತದೆ. ಸಿವಿಲ್ ಎಂಜಿನಿಯರಿಂಗ್ ಓದುವ ಮಗ ನಗುತ್ತಾನೆ. ಎಲ್ಲ ಸೇತುವೆಗಳೂ ನಡುಗುತ್ತವೆ ಎನ್ನುತ್ತಾನೆ. ಯಾರು ಸರಿ?"

ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ರಸ್ತೆ, ಸೇತುವೆಗಳ ನಿಯಮ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆಯ ಪ್ರಕಾರ, ಕಂಬಗಳ ನಡುವೆ 24 ಮೀಟರ್ ಅಂತರವಿರುವ ಕಾಂಕ್ರೀಟ್ ಸೇತುವೆಗೆ, ವಿನ್ಯಾಸಕ್ಕೆಂದು ಗೊತ್ತುಮಾಡಿದ ‘ಎ ದರ್ಜೆ’ಯ ವಾಹನಭಾರದ ಮೇಲೆ ಈ ಕುಲುಕಾಟಕ್ಕೆಂದೇ ಶೇಕಡ 15ರಷ್ಟು ಸೇರಿಸಿ ಲೆಕ್ಕ ಹಾಕುತ್ತಾರೆ. ಆದರೆ ಅವನು ನಕ್ಕದ್ದು ನನಗೆ ಹಿಡಿಸಲಿಲ್ಲ.

ನಮ್ಮ ಮನೆಯ ತೋಡಿಗೆ ಅಡಿಕೆ ಮರದ ಸಂಕವಿತ್ತು. ಬರಿಗೈಯಲ್ಲಿ ದಾಟಿದರೆ ಅದು ಚುರುಕಾಗಿ ಪುಟಿಯುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ದಾಟಿದರೆ ನಿಧಾನವಾಗಿ, ಆಳವಾಗಿ ತೂಗುತ್ತಿತ್ತು. ಇಬ್ಬರು ಒಟ್ಟಿಗೆ ಹೋದರೆ "ಹೆಜ್ಜೆ ಕೂಡಿಸಬೇಡಿ" ಎಂದು ಅಜ್ಜ ಆಚೆ ದಡದಿಂದ ಕೂಗುತ್ತಿದ್ದರು. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರ ತಾಳಬದ್ಧ ನಡಿಗೆಗೆ ಕುಸಿದ ಮೇಲೆ ಅಲ್ಲಿನ ಸೈನ್ಯವೂ ಇದೇ ಪಾಠ ಕಲಿಯಿತು.

ಲಾರಿಯ ವಿಷಯವೂ ಆ ಸೊಪ್ಪಿನ ಹೊರೆಯದೇ. ಪ್ರತಿ ಸೇತುವೆಗೂ ತನ್ನದೇ ಒಂದು ತೂಗುವ ವೇಗವಿದೆ. ತುಂಬಿದ ಲಾರಿ ಮೇಲೇರಿದಾಗ ಅದರ ತೂಕವೂ ಸೇತುವೆಯ ತೂಕದೊಂದಿಗೆ ಸೇರಿ ತೂಗಾಟ ನಿಧಾನವಾಗುತ್ತದೆ. ದೊಡ್ಡ ಸೇತುವೆಗೆ ಇದು ಲೆಕ್ಕಕ್ಕಿಲ್ಲ. ನಮ್ಮ ಊರಿನಂಥ ಗಿಡ್ಡ, ಹಗುರ ಸೇತುವೆಗಳಲ್ಲಿ ಕಾಣಿಸುತ್ತದೆ. ಇನ್ನೊಂದು ಸಂಗತಿ: ಲಾರಿಯ ಮೈ ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಸುಮಾರು ಎರಡರಿಂದ ನಾಲ್ಕು ಸಲ ಪುಟಿಯುತ್ತದೆ. ಮೂವತ್ತು ಮೀಟರ್ ಅಂತರದ ಸೇತುವೆಯ ತೂಗಾಟವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಹೊಂದಿಕೊಂಡರೆ ನಡುಕ ಬೆಳೆಯುತ್ತದೆ. ಲಾರಿಯನ್ನು ಪುಟಿಯಲು ಹಚ್ಚುವುದು ಸೇತುವೆಯ ಬಾಯಿಯಲ್ಲಿರುವ ಹೊಂಡ, ಸೇತುವೆಯ ತುಂಡುಗಳು ಕೂಡುವಲ್ಲಿ ಕಿತ್ತುಹೋದ ಜಾಯಿಂಟು. ನಡುಕ ಹೆಚ್ಚಿದ್ದರೆ ನನ್ನ ಮೊದಲ ಸಂಶಯ ಅದರ ಮೇಲೆ.

ನಿಮ್ಮದೊಂದು ತಪ್ಪನ್ನೂ ಹೇಳಬೇಕು. ಯಾವುದೋ ಲಾರಿ ಬಂದಾಗಿನ ನಡುಕವನ್ನು ಕಳೆದ ವರ್ಷದ ನಡುಕಕ್ಕೆ ಹೋಲಿಸಿದ್ದೀರಿ. ಬಿರುಕು ಬಿಟ್ಟು ಬಿಗಿ ಕಳೆದುಕೊಂಡ ಸೇತುವೆಯ ತೂಗಾಟ ನಿಧಾನವಾಗುತ್ತದೆ. ಭಾರ ಹೊತ್ತ ಒಳ್ಳೆಯ ಸೇತುವೆಯದೂ ನಿಧಾನವಾಗುತ್ತದೆ. ಉಪಕರಣ ಹಿಡಿದು ಅಳೆಯುವ ತಜ್ಞರನ್ನೂ ಕಾಡುವ ತೊಡಕು ಇದು. ಬಿಸಿಲು, ಚಳಿಯೂ ಲೆಕ್ಕ ಕೆಡಿಸುತ್ತವೆ. ಹೋಲಿಸುವುದಾದರೆ ಅದೇ ಹೊತ್ತು, ಅದೇ ತರಹದ ಒಂದೇ ಲಾರಿ ಇರಲಿ.

ಇಷ್ಟಾದರೂ ನಾನು ನಿಮ್ಮ ಪಕ್ಷ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆಯನ್ನು 2000ದ ಜೂನ್ 10ರಂದು ತೆರೆದು, ಎರಡೇ ದಿನಕ್ಕೆ ಮುಚ್ಚಿದರು. ಅದು ಅಡ್ಡಡ್ಡಕ್ಕೆ ತೂಗುತ್ತದೆಂದು ಮೊದಲು ತಿಳಿದದ್ದು ನಡೆದವರ ಪಾದಕ್ಕೆ. ಮತ್ತೆ ತೆರೆಯಲು 2002 ಬಂತು. ನಮ್ಮಲ್ಲಿ 2018ರಲ್ಲಿ ಲಾರಿಯ ನಾಲ್ಕು ಚಕ್ರಗಳ ಒಂದು ಅಚ್ಚಿನ (ಆಕ್ಸಲ್) ಮೇಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿದರು. ಹಳೆಯ ಸೇತುವೆಗಳು ಮಾತ್ರ ಹಳೆಯವೇ. ಆ ವ್ಯತ್ಯಾಸವನ್ನು ದಿನವೂ ತಿಳಿಯುವವರು ಅಲ್ಲಿ ನಡೆಯುವ ನೀವು, ಹಾಲು ಕೊಡಲು ಹೋಗುವ ಹೆಂಗಸರು, ಶಾಲೆಯ ಮಕ್ಕಳು.

ಅವರನ್ನು ಕೇಳುವವರು ಯಾರು? ನಮ್ಮ ಕಡೆಯ ಒಂದು ಸೇತುವೆಯ ಭಾರಮಿತಿಯ ಫಲಕ ಮಲಯಾಳ ಮತ್ತು ಇಂಗ್ಲಿಷಿನಲ್ಲಷ್ಟೇ ಇದೆ. ಜಾಯಿಂಟು ಬಡಿಯುತ್ತಿದೆ ಎಂದು ನಾನು ಕನ್ನಡದಲ್ಲಿ ಕೊಟ್ಟ ಅರ್ಜಿಯನ್ನು "ಬೇರೆ ಭಾಷೆಯಲ್ಲಿ ಬರೆದು ತನ್ನಿ" ಎಂದು ಒಂದು ಕಚೇರಿಯಲ್ಲಿ ಹಿಂದಿರುಗಿಸಿದರು. ಕೇರಳದ 1969ರ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಸೇತುವೆಯ ಸುದ್ದಿ ಗೊತ್ತಿರುವವರ ಭಾಷೆಯೇ ಕಚೇರಿಗೆ ಬೇಡವಾದರೆ ಆ ಸುದ್ದಿ ದಾಟುವುದು ಹೇಗೆ? ನನಗೆ ಇದು ಬರಿಯ ಅಭಿಮಾನದ ಮಾತಲ್ಲ.

ಒಂದು ವಾರ ಬೆಳಿಗ್ಗೆ ಆರಕ್ಕೆ ಮಗನನ್ನು ಜೊತೆಗೆ ಕರೆದೊಯ್ಯಿರಿ. ಯಾವ ಜಾಯಿಂಟು ಬಡಿಯುತ್ತದೆ, ಲಾರಿ ದಾಟಿದ ಮೇಲೆ ನಡುಕ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅವನೇ ಬರೆದುಕೊಳ್ಳಲಿ. ಅರ್ಜಿಯನ್ನು ಕನ್ನಡದಲ್ಲೇ ಕೊಡಿ, ಒಂದು ಪ್ರತಿ ನಮಗೆ ಕಳುಹಿಸಿ. ಅಚ್ಚು ಹಾಕುತ್ತೇವೆ.