ಕ್ರಿಸ್ತನನ್ನು ನಂಬಿ ರಕ್ಷಣೆ ಹೊಂದಿದವರು ದೇವರ ಬಾಧ್ಯಸ್ಥರು, ಅಂದರೆ ವಾರಸುದಾರರು, ಅಂತಾರೆ. ಹಾಗಾದರೆ ನನಗೆ ಸಿಕ್ಕಿದ್ದೇನು?

ದೀಕ್ಷಾಸ್ನಾನ ಆಗಿ ಎರಡು ವರ್ಷವಾದರೂ ಸಾಲ ತೀರಿಲ್ಲ, ಹೆಂಡತಿಯ ಜೊತೆ ಜಗಳ ನಿಂತಿಲ್ಲ, ಇಂಥವನು ದೇವರ ಮಗ ಹೇಗಾದೇನು ಅಂತ ಕೇಳಿದ್ದೀರಿ. ಆಗಿದ್ದೀರಿ ಅಂತಲೇ ನನ್ನ ಉತ್ತರ. ಕ್ರಿಸ್ತನನ್ನು ಅಂಗೀಕರಿಸಿ ನಂಬಿದವರಿಗೆ ದೇವರ ಮಕ್ಕಳಾಗುವ ಅಧಿಕಾರ ಕೊಟ್ಟಾಗಿದೆ (ಯೋಹಾನ 1:12). ಸಾಲ ತೀರಿದ ಮೇಲೆ ಕೊಡುತ್ತೇನೆ ಅಂತ ಅಲ್ಲೆಲ್ಲೂ ಇಲ್ಲ.

ನಾನು ಕೊಡಗಿನ ಸಿದ್ದಾಪುರದ ಕಡೆಯವನು. ಇಲ್ಲಿ ಪಾಲು ಅಂದಕೂಡಲೇ ನೆನಪಾಗುವುದು ಜಮ್ಮಾ ಜಮೀನು, ಅಂದರೆ ವಂಶಪಾರಂಪರ್ಯವಾಗಿ ಬರುವ ಜಮೀನು. ಹಳೇ ಪದ್ಧತಿಯಲ್ಲಿ ಮಗ ಏನು ಸಾಧಿಸಿದ ಅಂತ ಯಾರೂ ಕೇಳುತ್ತಿರಲಿಲ್ಲ, ಒಕ್ಕದಲ್ಲಿ, ಅಂದರೆ ಆ ಮನೆತನದಲ್ಲಿ, ಹುಟ್ಟಿದ್ದರೆ ಹಕ್ಕು ಇದ್ದೇ ಇತ್ತು. ಬೈಬಲಿನ ಪತ್ರಿಕೆಗಳಲ್ಲಿ ಅಪೊಸ್ತಲ ಪೌಲ ಆಡುವುದೂ ಮನೆತನದ ಮಾತೇ, ಆದರೆ ನಾವು ಆ ಮನೆಗೆ ದತ್ತು ಬಂದವರು. ರೋಮಿನವರಲ್ಲಿ ದತ್ತು ಸಣ್ಣ ಸಂಗತಿಯಲ್ಲ. ಚಕ್ರವರ್ತಿ ಅಗಸ್ಟಸ್ ಜೂಲಿಯಸ್ ಸೀಸರನ ದತ್ತುಪುತ್ರ, ಅಗಸ್ಟಸ್ ಕ್ರಿ.ಶ. 4ರಲ್ಲಿ ದತ್ತು ತೆಗೆದುಕೊಂಡ ಟೈಬೀರಿಯಸನೇ ಮುಂದೆ ಪಟ್ಟವೇರಿದ. ಅಂಥ ರೋಮ್ ಊರಿನ ಕ್ರೈಸ್ತ ಸಭೆಗೆ ಪೌಲ, ನೀವು ಕ್ರಿಸ್ತನೊಂದಿಗೆ ಬಾಧ್ಯರು ಅಂತ ಬರೆದ. ಕೇಳಿಸಿಕೊಂಡವರಲ್ಲಿ ಗುಲಾಮರೂ ಇದ್ದಿರಬೇಕು. ಅವರ ಎದೆ ಹೇಗೆ ಹೊಡೆದುಕೊಂಡಿತೋ!

ನಮ್ಮಜ್ಜಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲೇ ಬದುಕು ಸವೆಸಿದವರು. ಒಂದು ಸೆಂಟ್ ಜಾಗ ಅವರ ಹೆಸರಲ್ಲಿರಲಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ಬೆರಳಿನ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ, ಅದೇ ಬೆರಳಲ್ಲಿ ಬೈಬಲ್ ಬಿಡಿಸುತ್ತಿದ್ದರು. 1 ಪೇತ್ರ ಪತ್ರಿಕೆಯ ಮೊದಲ ಪುಟದ ಅಂಚು ಇವತ್ತಿಗೂ ಕಪ್ಪಗಿದೆ. ಲಯವಾಗದ, ಕಳಂಕವಿಲ್ಲದ, ಬಾಡದ ಬಾಧ್ಯತೆ, ಅಂದರೆ ಪಿತ್ರಾರ್ಜಿತದ ಪಾಲು, ಪರಲೋಕದಲ್ಲಿ ಇಟ್ಟಿದೆ ಅನ್ನುವ ವಚನ ಅಲ್ಲೇ ಇರುವುದು. ಅದು ಅವರಿಗೆ ಸತ್ತ ಮೇಲಿನ ಮಾತು ಮಾತ್ರ ಆಗಿರಲಿಲ್ಲ. ಮೇಸ್ತ್ರಿ ಎಷ್ಟೇ ಕೂಗಾಡಿದರೂ ಅಜ್ಜಿ ತಲೆ ತಗ್ಗಿಸಿದ್ದನ್ನು ನಾನು ಕಂಡಿಲ್ಲ.

ಈಗ ನಿಮ್ಮ ಕೈಗೆ ಬಂದಿರುವುದು ಪಾಪಕ್ಷಮೆ, ದೇವರನ್ನು ಅಪ್ಪಾ ಅಂತ ಕರೆಯುವ ಸಲಿಗೆ, ಮತ್ತು ಪವಿತ್ರಾತ್ಮ. ಎಫೆಸ 1:14 ಪವಿತ್ರಾತ್ಮನನ್ನೇ ನಮ್ಮ ಬಾಧ್ಯತೆಯ ಸಂಚಕಾರ, ಅಂದರೆ ಮುಂಗಡ, ಅನ್ನುತ್ತದೆ. ಉಳಿದದ್ದು ಬರಬೇಕಷ್ಟೇ. ಬಾಧ್ಯಸ್ಥನೂ ಎಳೆಯವನಾಗಿರುವಷ್ಟು ದಿನ, ತಂದೆ ಗೊತ್ತುಮಾಡಿದ ಕಾಲದವರೆಗೆ, ಆಳಿನ ಹಾಗೇ ಇರುತ್ತಾನೆ ಅಂತ ಗಲಾತ್ಯ 4ರ ಆರಂಭದಲ್ಲಿದೆ.

ನಂಬಿಕೆ ಗಟ್ಟಿಯಿದ್ದರೆ ತೋಟ, ಕಾರು ತಾವಾಗಿಯೇ ಬರುತ್ತವೆ ಅನ್ನುವ ಪ್ರಸಂಗಗಳನ್ನು ನಾನು ಒಪ್ಪುವುದಿಲ್ಲ. ನಮ್ಮನ್ನು ಬಾಧ್ಯರು ಅನ್ನುವ ರೋಮಾಪುರ 8:17ರಲ್ಲೇ ಕ್ರಿಸ್ತನ ಜೊತೆ ಬಾಧೆಪಡುವ ಮಾತೂ ಇದೆ.

ಇನ್ನು ಮನೆಯ ಜಗಳ. 1 ಪೇತ್ರ 3:7 ತೆಗೆದು ನೋಡಿ. ಹೆಂಡತಿಯೂ ನಿಮ್ಮೊಂದಿಗೆ ಬಾಧ್ಯಳು, ನಿಮ್ಮ ಪ್ರಾರ್ಥನೆಗೆ ಅಡ್ಡಿಯಾಗಬಾರದು ಅಂದರೆ ಅವಳಿಗೆ ಮಾನ ಕೊಡಿ ಅಂತ ಪೇತ್ರ ಗಂಡಂದಿರಿಗೆ ನೇರವಾಗಿ ಬರೆದಿದ್ದಾನೆ. ಸಾಲದ ಲೆಕ್ಕವನ್ನು ಮೊದಲು ಹೆಂಡತಿಯ ಮುಂದೆ ಬಿಚ್ಚಿಡಿ.