ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ: ಏನಿವು? ತಾರೀಖು ಪ್ರತಿ ವರ್ಷ ಯಾಕೆ ಬದಲಾಗುತ್ತದೆ?

ಈ ಎರಡೂ ಹೊಲದ ಹಬ್ಬಗಳು. ಪಂಚಾಂಗದಲ್ಲಿ ಜ್ಯೇಷ್ಠ ಹುಣ್ಣಿಮೆ ಅಂತಿದ್ದರೂ ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಅದು ಕಾರ ಹುಣ್ಣಿಮೆಯೇ. ಮುಂಗಾರು ಶುರುವಾಗುವ ಹೊತ್ತು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಓಡಿಸಿ ಕರಿ (ದಾರಿಗೆ ಅಡ್ಡ ಕಟ್ಟಿದ ತೋರಣ) ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಜೋಳ, ಹತ್ತಿಯಂಥ ಬಿಳಿ ಬೆಳೆ ಚೆನ್ನಾಗಿ ಬರುತ್ತದೆ, ಕೆಂದೆತ್ತು ಗೆದ್ದರೆ ಕೆಂಪು ಕಾಳು ಅನ್ನುವ ನಂಬಿಕೆ. (ಮಳೆ ಅದನ್ನು ಕೇಳುತ್ತದೆಯೇ ಅನ್ನೋದು ಬೇರೆ ಮಾತು.)

ಆಶ್ವಯುಜದ ಸೀಗಿ ಹುಣ್ಣಿಮೆಗೆ ಪೈರು ಬೆಳೆದು ನಿಂತಿರುತ್ತದೆ. ಹೊಲಕ್ಕೆ ಬುತ್ತಿ ಒಯ್ದು ಪೂಜೆ ಮಾಡಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯ ಎಡೆಯನ್ನು ಹೊಲದಲ್ಲಿ ಚೆಲ್ಲುತ್ತಾರೆ. ಮಲೆನಾಡಿನಲ್ಲಿ ಇದೇ ದಿನ ಭೂಮಿ ಹುಣ್ಣಿಮೆ. ಇನ್ನು ಶ್ರಾವಣದ್ದು ನೂಲ ಹುಣ್ಣಿಮೆ, ಜನಿವಾರ ಬದಲಿಸುವ ದಿನ. ಮಾರ್ಗಶಿರದ್ದು ಹೊಸ್ತಿಲ ಹುಣ್ಣಿಮೆ.

ತಾರೀಖಿನ ಲೆಕ್ಕ ಸುಲಭ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸುತ್ತಿಗೆ ಸುಮಾರು 354 ದಿನ, ಅಂದರೆ ನಮ್ಮ ಕ್ಯಾಲೆಂಡರ್‌ ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ಹಬ್ಬ ಹಿಂದೆ ಸರಿಯುತ್ತದೆ. ನೂಲ ಹುಣ್ಣಿಮೆಯ ಚಂದ್ರ ತುಂಬಿದ್ದು 2021ರಲ್ಲಿ ಆಗಸ್ಟ್ 22ಕ್ಕೆ, 2022ರಲ್ಲಿ ಆಗಸ್ಟ್ 12ಕ್ಕೆ. ಹೀಗೇ ಬಿಟ್ಟರೆ ಕಾರ ಹುಣ್ಣಿಮೆ ಬೇಸಿಗೆಗೆ ಹೋಗಿಬಿಡುತ್ತದೆ, ಅಲ್ವಾ? ಅದಕ್ಕೇ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದು ನೂಲ ಹುಣ್ಣಿಮೆ ಆಗಸ್ಟ್ ಕೊನೆಗೆ ಹೋಯಿತು.