ವಿದ್ವಾಂಸರ ಬರಹಕ್ಕೆ ನ್ಯಾಯಾಲಯದಲ್ಲಿ ಎಷ್ಟು ತೂಕ?

ಮಾನ್ಯರೇ,

ಮಾನವ ಹಕ್ಕುಗಳ ಕುರಿತ ನಮ್ಮ ಕಳೆದ ಸಂಚಿಕೆಯ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ‘ಅಂತರರಾಷ್ಟ್ರೀಯ ಕಾನೂನಿಗೆ ಸಂಸತ್ತೂ ಇಲ್ಲ, ಪೊಲೀಸರೂ ಇಲ್ಲ. ಪ್ರಾಧ್ಯಾಪಕರು ಪ್ರಾಧ್ಯಾಪಕರಿಗಾಗಿ ಬರೆದುಕೊಂಡ ಗ್ರಂಥಗಳನ್ನೇ ಕಾನೂನೆಂದು ಓದುಗರ ಮುಂದಿಡುವುದು ಸರಿಯೇ?’ ಎಂದು ಕೇಳಿದ್ದೀರಿ. ತಮ್ಮ ಆಕ್ಷೇಪದಲ್ಲಿ ಅರ್ಧದಷ್ಟನ್ನು ನಾವು ಒಪ್ಪಲೇಬೇಕು. ಒಪ್ಪಂದದ ವಿಧಿ ಯಾವುದು, ಅದರ ಮೇಲೆ ಪಂಡಿತರ ವ್ಯಾಖ್ಯಾನ ಯಾವುದು ಎಂಬುದು ಆ ಲೇಖನದಲ್ಲಿ ಕಲಸಿಹೋಗಿತ್ತು.

ವಿದ್ವಾಂಸರ ಬರಹ ತಾನೇ ಕಾನೂನಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೆಯ ವಿಧಿಯು ಒಪ್ಪಂದ, ರೂಢಿ (ರಾಷ್ಟ್ರಗಳು ಕಾನೂನೆಂದೇ ಬಗೆದು ಪಾಲಿಸಿಕೊಂಡು ಬಂದ ನಡವಳಿಕೆ) ಮತ್ತು ಸಾಮಾನ್ಯ ತತ್ತ್ವಗಳನ್ನು ಮೊದಲು ಹೇಳಿ, ಆಮೇಲೆ ತೀರ್ಪುಗಳನ್ನೂ ‘ವಿವಿಧ ರಾಷ್ಟ್ರಗಳ’ ಶ್ರೇಷ್ಠ ಕಾನೂನು ಪಂಡಿತರ ಬರಹಗಳನ್ನೂ ಪೂರಕ ಸಾಧನಗಳೆಂದಷ್ಟೇ ಕರೆಯುತ್ತದೆ. ಆದರೆ ರೂಢಿ ಯಾವ ಗೆಜೆಟ್‌ನಲ್ಲೂ ಅಚ್ಚಾಗುವುದಿಲ್ಲ. ಅದು ಇತ್ತೆಂದು ತೋರಿಸಲು ಯಾರಾದರೂ ಹಳೆಯ ದಾಖಲೆಗಳನ್ನು ಹುಡುಕಿ ಬರೆದಿಟ್ಟಿರಬೇಕು.

1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಹತ್ತಿಕೊಂಡಾಗ ‘ಪಾಕೆಟೆ ಹಬಾನಾ’ ಎಂಬ ಹಾಯಿದೋಣಿ ಮೀನು ಹಿಡಿದು, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾಕ್ಕೆ ಮರಳುತ್ತಿತ್ತು. ಅದರಲ್ಲಿದ್ದವರು ಮೂವರು. ಆಯುಧವಿರಲಿಲ್ಲ, ಜೀವಂತ ಮೀನಿತ್ತು. ತಡೆದು ನಿಲ್ಲಿಸುವವರೆಗೆ ಯುದ್ಧದ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ. ಅಮೆರಿಕದ ನೌಕಾಪಡೆ ದೋಣಿಯನ್ನು ಫ್ಲಾರಿಡಾದ ಕೀ ವೆಸ್ಟ್‌ಗೆ ಒಯ್ದಿತು, ಅಲ್ಲಿ ಅದು 490 ಡಾಲರಿಗೆ ಹರಾಜಾಯಿತು. ಬೆಸ್ತರ ದೋಣಿಯನ್ನು ವಶಪಡಿಸಿಕೊಳ್ಳಬಾರದೆಂದು ಹೇಳುವ ಅಮೆರಿಕದ ಕಾಯ್ದೆಯೊಂದೂ ಇರಲಿಲ್ಲ. 1900ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೊರೇಸ್ ಗ್ರೇ 1403ರ ಇಂಗ್ಲೆಂಡಿನ ರಾಜಾಜ್ಞೆಯಿಂದ ಆರಂಭಿಸಿ, ಹಲವು ದೇಶಗಳ ಗ್ರಂಥಕಾರರ ಸಾಕ್ಷ್ಯವನ್ನು ಒಟ್ಟುಗೂಡಿಸಿ, ಹಾಗೆ ಮಾಡಬಾರದೆಂಬ ರೂಢಿ ಕಾನೂನಾಗಿ ನೆಲೆನಿಂತಿದೆಯೆಂದು ತೀರ್ಪಿತ್ತರು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಮಾರಾಟದ ಹಣ ದೋಣಿಯ ಕಡೆಯವರಿಗೆ ಪರಿಹಾರಸಹಿತ ಸಲ್ಲಬೇಕಾಯಿತು. ಪಂಡಿತರನ್ನು ಓದುವುದು ಕಾನೂನು ಹೇಗಿರಬೇಕೆಂಬ ಅವರ ಊಹೆಗಾಗಿ ಅಲ್ಲ, ಅದು ನಿಜವಾಗಿ ಏನಾಗಿದೆ ಎಂಬುದರ ನಂಬಲರ್ಹ ಪುರಾವೆಗಾಗಿ ಎಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿಯೇ ಇದೆ. ನಮ್ಮ ಲೇಖನ ಮರೆತದ್ದು ಇದನ್ನೇ.

ನಮ್ಮ ದೇಶದ ನ್ಯಾಯಾಲಯಗಳೂ ಈ ಗೆರೆಯನ್ನು ಬಲ್ಲವು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸೇರಿದ್ದು 1979ರಲ್ಲಿ. ಕರಾರಿನಂತೆ ನಡೆಯಲಾಗದ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕಬಾರದೆನ್ನುತ್ತದೆ ಅದರ 11ನೆಯ ವಿಧಿ. ಮರುವರ್ಷವೇ, ಬ್ಯಾಂಕ್ ಸಾಲ ತೀರಿಸದವರ ಬಂಧನದ ಪ್ರಶ್ನೆ ಎದ್ದ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ದೇಶದೊಳಗೆ ಕಾಯ್ದೆಯಾಗುವವರೆಗೆ ಒಡಂಬಡಿಕೆಯನ್ನು ನೇರವಾಗಿ ಜಾರಿಮಾಡಲಾಗದೆಂದು ಒಪ್ಪಿದರು. ಹಾಗೆ ಒಪ್ಪಿಕೊಂಡೇ, ತೀರ್ಪಿನ ಸಾಲ ವಸೂಲಿಗೆ ಬಂಧನಕ್ಕೂ ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೆಯ ಕಲಮನ್ನು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೆಯ ವಿಧಿಯ ಬೆಳಕಿನಲ್ಲಿ ಓದಿ, ದುರುದ್ದೇಶವಿಲ್ಲದೆ ಕೈ ಬರಿದಾದ ಸಾಲಗಾರನನ್ನು ಜೈಲಿಗೆ ಕಳಿಸಲಾಗದೆಂದರು. ಪೊಲೀಸರಿಲ್ಲದ ಕಾನೂನು ಕೆಲಸ ಮಾಡುವ ಬಗೆ ಬಹುಮಟ್ಟಿಗೆ ಇದೇ, ಅಂದರೆ ಈಗಾಗಲೇ ಇರುವ ಕಾಯ್ದೆಯ ಅರ್ಥದೊಳಗೆ ಸೇರಿಕೊಂಡು.

ತಾವು ಎತ್ತದ ಇನ್ನೊಂದು ತಪ್ಪನ್ನು ನಾವೇ ಹೇಳಬೇಕು. ಹೇಗ್ ನ್ಯಾಯಾಲಯದ ಶಾಸನವೇ ‘ವಿವಿಧ ರಾಷ್ಟ್ರಗಳ’ ಎಂದಿದ್ದರೂ ನಮ್ಮ ಲೇಖನ ಹೆಸರಿಸಿದ ಪಂಡಿತರೆಲ್ಲ ಯುರೋಪಿನವರೇ ಆಗಿದ್ದರು. ಏಷ್ಯಾ, ಆಫ್ರಿಕಾಗಳ ಹೊಸ ರಾಷ್ಟ್ರಗಳ ಪಾಲಿಲ್ಲದೆ ರೂಪುಗೊಂಡ ನಿಯಮಗಳನ್ನು ಪ್ರಶ್ನಿಸಿದ ಭಾರತೀಯ ಕಾನೂನು ಪಂಡಿತ ಆರ್. ಪಿ. ಆನಂದ್ ಅಲ್ಲಿರಲಿಲ್ಲ, ಹಕ್ಕುಗಳ ನಿಜವಾದ ಕರ್ತೃಗಳು ನೊಂದು ಹೋರಾಡಿದ ಜನರೇ ಎಂದು ವಾದಿಸಿದ, ನಮ್ಮವರೇ ಆದ ಕಾನೂನು ವಿದ್ವಾಂಸ ಉಪೇಂದ್ರ ಬಕ್ಷಿಯವರೂ ಇರಲಿಲ್ಲ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರಲಿದೆ. ಅದರಲ್ಲಿ ಒಪ್ಪಂದದ ಮಾತು ಯಾವುದು, ಪಂಡಿತರದು ಯಾವುದು ಎಂಬುದನ್ನು ಬೇರೆಬೇರೆಯಾಗಿಯೇ ಅಚ್ಚು ಹಾಕುತ್ತೇವೆ.

– ಸಂಪಾದಕ